ಅಜ್ಜಿಮನೆಗೆ ಹೊರಟ ಪ್ರವಾಸಿಗರಿಗೆ



ಹೋದ ಸಂಚಿಕೆಯಲ್ಲಿ ದೆಹಲಿಯ ಜನವರಿ ಚಳಿಯಲ್ಲಿ ದೋಸೆಹಿಟ್ಟು ಹುದುಗಿಸುವ ಉಪಾಯಗಳನ್ನು ಬರೆದಿದ್ದೆ. ಓದಿ ಫೋನ್ ಮಾಡಿದವರೆಲ್ಲ ನಿಮ್ಮ ಅಮ್ಮಂದಿರು. ನಿಮ್ಮಲ್ಲಿ ಒಬ್ಬರೂ ಮಾಡಲಿಲ್ಲ! ಅದಕ್ಕೇ ಈ ಸಲ ನಿಮಗೆಂದೇ ಬರೆಯುತ್ತಿದ್ದೇನೆ. ಇದನ್ನು ನೀವೇ ಓದುತ್ತಿದ್ದರೆ ಶಹಬ್ಬಾಸ್. ಅಮ್ಮ ಓದಿ ಹೇಳುತ್ತಿದ್ದರೆ ಶಹಬ್ಬಾಸ್‌ಗಿರಿ ಅಮ್ಮನಿಗೆ. ನೀವು ಕೇಳಿಸಿಕೊಂಡರೆ ಸಾಕು.

ವಿಷಯ ಪ್ರವಾಸ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈಗಿನ ನೀವು ಎರಡನ್ನೂ ಒಟ್ಟಿಗೇ ಮಾಡುತ್ತೀರಿ. 2023ರಲ್ಲಿ ನನ್ನ ಮಗ ಕಚೇರಿ ಕೆಲಸದ ಮೇಲೆ ಜಪಾನಿಗೆ ಹೊರಟಾಗ ನೋಡಿದೆನಲ್ಲ! ಹೊರಡುವ ಮೂರು ವಾರ ಮೊದಲಿನಿಂದಲೇ ಅವನ ಕೋಣೆಯಲ್ಲಿ ಪರೀಕ್ಷೆಯ ವಾತಾವರಣ. ಮನೆಯೊಳಗೆ ಕಾಲಿಡುವ ಮೊದಲು ಬೂಟು ಬಿಚ್ಚಬೇಕು. ಹೋಟೆಲಿನಲ್ಲಿ ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ರೈಲಿನಲ್ಲಿ ಕುಳಿತು ಫೋನಿನಲ್ಲಿ ಮಾತಾಡಬಾರದು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು; ಅದು ಸತ್ತವರಿಗೆ ಅನ್ನ ಇಡುವ ರೀತಿ. ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಜತೆಗೆ ನಲವತ್ತು ಜಪಾನೀ ಮಾತುಗಳನ್ನು ಬಾಯಿಪಾಠ ಮಾಡಿದ. ಬೆಳಗ್ಗೆ ನಾನು ಕಾಫಿ ಕೊಟ್ಟರೆ ತಲೆ ಬಾಗಿಸಿ ‘ಅರಿಗಾತೋ’ ಎನ್ನುತ್ತಿದ್ದ.

ನಗು ಬಂತು. ಆಮೇಲೆ, ನಿಜ ಹೇಳುತ್ತೇನೆ, ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಜಪಾನಿಗೆ ಮೂರು ವಾರದ ಅಭ್ಯಾಸ. ಅವನ ಅಜ್ಜಿಮನೆಗೆ ನಾನು ಒಂದು ಸಂಜೆಯ ಅಭ್ಯಾಸವನ್ನೂ ಮಾಡಿಸಿರಲಿಲ್ಲ.

‘ಬೇಗ ತಿನ್ನು, ಏಳು!’

ನನ್ನ ತವರು ಧಾರವಾಡ. ಅತ್ತೆಯ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಡಿಕೆ ತೋಟದ ನಡುವಿನ ಒಂದು ಹಳ್ಳಿ. 1994ರಲ್ಲಿ ಮದುವೆಯಾಗಿ ದೆಹಲಿಗೆ ಬಂದೆ. ಮಗ ಹುಟ್ಟಿದ್ದೂ ಬೆಳೆದದ್ದೂ ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ.

2008ರ ಜೂನ್. ಅವನಿಗೆ ಹನ್ನೊಂದು ವರ್ಷ. ಊರಿನಲ್ಲಿ ಮಳೆ ಹಿಡಿದಿತ್ತು. ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಜಗಲಿಯಲ್ಲಿ ನಲವತ್ತು ಎಲೆ. ಊಟ ಮುಗಿದೊಡನೆ ಹುಡುಗರೆಲ್ಲ ಹೊಳೆ ನೋಡಲು ಹೋಗುವುದೆಂದು ಮಾತಾಗಿತ್ತು. ಆದರೆ ಪಂಕ್ತಿಯಲ್ಲಿ ಹಿರಿಯರು ಏಳುವವರೆಗೆ ಯಾರೂ ಏಳುವಂತಿಲ್ಲ. ಸಾಲಿನ ತುದಿಯಲ್ಲಿ ಕುಳಿತಿದ್ದ ಅವನ ದೊಡ್ಡಪ್ಪ ನಿಧಾನವಾಗಿ ಮಜ್ಜಿಗೆ ಅನ್ನ ಕಲಸುತ್ತಿದ್ದರು. ನನ್ನ ಮಗ ನೋಡಿದ, ನೋಡಿದ. ಕೊನೆಗೆ ತಾಳ್ಮೆ ತಪ್ಪಿ, ಇಡೀ ಜಗಲಿಗೆ ಕೇಳುವಂತೆ ಕೂಗಿದ: ‘ದೊಡ್ಡಪ್ಪಾ, ಬೇಗ ತಿನ್ನು! ಏಳು!’

ಒಂದು ಕ್ಷಣ ನಿಶ್ಶಬ್ದ. ಮರುಕ್ಷಣ ನಲವತ್ತು ಜನರ ನಗು. ದೊಡ್ಡಪ್ಪನವರೂ ನಕ್ಕರು. ಆದರೆ ಹನ್ನೊಂದು ವರ್ಷದ ಹುಡುಗನಿಗೆ ಆ ನಗು ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಮುಂದಿನ ಹತ್ತು ದಿನ ಓರಗೆಯ ಮಕ್ಕಳು ಅವನನ್ನು ಕಂಡಾಗಲೆಲ್ಲ ‘ಬೇಗ ತಿನ್ನು, ಏಳು’ ಎಂದು ಅಣಕಿಸಿದರು. ಅವನು ಆಮೇಲೆ ಊರಿಗೆ ಬರಲಿಲ್ಲ. ಕ್ರಿಕೆಟ್ ಕ್ಯಾಂಪ್, ಟ್ಯೂಷನ್, ಹೊಟ್ಟೆನೋವು, ನೆಪಕ್ಕೇನು ಬರವೇ? ಅತ್ತೆ ಪ್ರತಿ ಭಾನುವಾರ ಫೋನ್ ಮಾಡಿ ‘ಮಾಣಿ ಇದ್ದಾನಾ?’ ಎಂದು ಕೇಳುವರು. ಅವನು ನನ್ನೆದುರೇ ನಿಂತು ‘ಇಲ್ಲ ಅನ್ನು’ ಎಂದು ಕೈಸನ್ನೆ ಮಾಡುವನು. ನಾನೂ ‘ಇಲ್ಲ’ ಎನ್ನುತ್ತಿದ್ದೆ. 2013ರಲ್ಲಿ ಅತ್ತೆ ತೀರಿಕೊಂಡಾಗ ಅವನಿಗೆ ಹತ್ತನೇ ತರಗತಿಯ ಪರೀಕ್ಷೆ. ಆಗಲೂ ಬರಲಿಲ್ಲ.

ತಪ್ಪು ಅವನದಲ್ಲ. ಯೋಚಿಸಿ ನೋಡಿ. ದೆಹಲಿಯಲ್ಲಿ ಹುಟ್ಟಿದ ಮಗು ಕನ್ನಡ ಕೇಳುವುದು ಯಾರ ಬಾಯಲ್ಲಿ? ಅಮ್ಮನ ಬಾಯಲ್ಲಿ. ಅಮ್ಮ ಆಡುವ ಕನ್ನಡ ಯಾವುದು? ‘ಬಾ, ಕೂತ್ಕೋ, ಬೇಗ ತಿನ್ನು, ಏಳು, ಹಾಲು ಕುಡಿ, ಟಿವಿ ಆರಿಸು.’ ಅವನು ಕಲಿತದ್ದು ನಾನು ಅವನನ್ನು ಗದರಿಸುವ ಕನ್ನಡ. ಅದನ್ನೇ ಅವನು ಮನೆತನದ ಹಿರಿಯರಿಗೆ ಒಪ್ಪಿಸಿದ! ಊರಿಗೆ ಹೋದಾಗಲಾದರೂ ಕಲಿಯುತ್ತಿದ್ದನೇನೋ. ಆದರೆ ಅಲ್ಲಿ ಯಾರು ಏನು ಕೇಳಿದರೂ ಅವನು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಡುತ್ತಿದ್ದೆ. ಇಂಗ್ಲಿಷ್ ಬಿ.ಎ. ಓದಿದ ದುಭಾಷಿ ನಾನು!

ನಿಮ್ಮಲ್ಲಿ ಅನೇಕರ ಕಥೆ ಇದಕ್ಕಿಂತ ಬೇರೆಯಲ್ಲ ಎಂದು ನನಗೆ ಗೊತ್ತು. ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮನ್ನು ನೋಡುತ್ತಿರುತ್ತೇನೆ. ‘ಊರಿಗೆ ಯಾವಾಗ ಹೋಗಿದ್ದೆ?’ ಎಂದರೆ ಮುಖ ಸಣ್ಣದು ಮಾಡುತ್ತೀರಿ. ಅದು ನಮ್ಮದೇ ಊರು, ಎಲ್ಲ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಅವಮಾನ ಎಂಬ ಭಾವನೆ. ನಾನು ಹೇಳುವುದಿಷ್ಟೇ: ಆ ಭಾರವನ್ನು ಮೊದಲು ಕೆಳಗಿಳಿಸಿ. ಪರದೇಶಕ್ಕೆ ಹೊರಟವರಂತೆ, ಏನೂ ಗೊತ್ತಿಲ್ಲ ಎಂದು ಒಪ್ಪಿಕೊಂಡು, ನೋಟ್‌ಬುಕ್ ಹಿಡಿದು ಹೊರಡಿ. ಪ್ರವಾಸಿ ತಪ್ಪು ಮಾಡಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕೇಳಿ ಕಲಿಯುವ ಪ್ರವಾಸಿಯನ್ನಂತೂ ಎಲ್ಲರೂ ಹತ್ತಿರ ಕೂರಿಸಿಕೊಳ್ಳುತ್ತಾರೆ.

ಮಗ ಜಪಾನಿನಿಂದ ಬಂದ ಮೇಲೆ ಒಂದು ರಾತ್ರಿ ತಾನಾಗಿಯೇ ಬಂದು, ‘ಅಮ್ಮಾ, ಊರಿಗೂ ಒಂದು ಲಿಸ್ಟ್ ಮಾಡೋಣ’ ಎಂದ. ಆ ಪಟ್ಟಿಯೇ ಇಂದಿನ ಅಂಕಣ.

ಮೂರು ಬಾಗಿಲು, ಎರಡು ಕ್ಯಾಲೆಂಡರ್

ದೆಹಲಿಯಿಂದ ರೈಲಿನಲ್ಲಿ ಕರ್ನಾಟಕಕ್ಕೆ ಮುಖ್ಯವಾಗಿ ಮೂರು ಬಾಗಿಲು. ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರ ದಾಟಿ ಕಲಬುರಗಿಯ ಕಡೆಯಿಂದ ಒಳಗೆ ಬರುತ್ತದೆ. ನಿಜಾಮುದ್ದೀನಿನಿಂದ ಹೊರಡುವ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿಯ ಬಾಗಿಲು ತೆರೆಯುತ್ತದೆ. ಧಾರವಾಡ, ಹುಬ್ಬಳ್ಳಿಯವರಿಗೆ ಅನುಕೂಲ. ಕರಾವಳಿಯವರಿಗೆ 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಮಾರ್ಗ. ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಕಾರವಾರ, ಉಡುಪಿ, ಮಂಗಳೂರು. ವಿಮಾನದಲ್ಲಿ ಹೋದರೆ ಮೂರು ಗಂಟೆಯೊಳಗೆ ಬೆಂಗಳೂರು ಸಿಗುತ್ತದೆ, ಆದರೆ ನಡುವಿನ ದೇಶ ಸಿಗುವುದಿಲ್ಲ. ಮೊದಲ ಸಲವಾದರೂ ರೈಲಿನಲ್ಲಿ ಹೋಗಿ. ಗೋಧಿಯ ಹೊಲ ಹೋಗಿ ಜೋಳದ ಹೊಲ ಬಂದು, ‘ಚಾಯ್ ಚಾಯ್’ ಕೂಗಿನ ಜತೆ ‘ಕಾಫಿ ಕಾಫಿ’ ಸೇರುವುದನ್ನು ಕಿಟಕಿಯಲ್ಲಿ ಕೂತೇ ತಿಳಿಯಬೇಕು. 2024ರ ನವೆಂಬರ್ 1ರಿಂದ ಮುಂಗಡ ಟಿಕೆಟ್ ಅರವತ್ತೇ ದಿನ ಮೊದಲು ಸಿಗುವುದು. ನಮ್ಮ ಕಾಲದಂತೆ ನಾಲ್ಕು ತಿಂಗಳ ಮೊದಲೇ ಕಾಯ್ದಿರಿಸಿ ಕೂರುವಂತಿಲ್ಲ.

ಟಿಕೆಟ್ ಹುಡುಕುವಾಗ ಇನ್ನೊಂದು ಮಾತು. 2014ರ ರಾಜ್ಯೋತ್ಸವದಂದು ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದಂತೆಯೇ ಆದವು. ಅಪ್ಪ ‘ಶಿಮೊಗಾ’, ‘ಗುಲ್ಬರ್ಗಾ’, ‘ಬಿಜಾಪುರ’ ಎನ್ನಬಹುದು. ನೀವು ಶಿವಮೊಗ್ಗ, ಕಲಬುರಗಿ, ವಿಜಯಪುರ ಎಂದು ಹುಡುಕಿ.

ಎರಡು ಕ್ಯಾಲೆಂಡರ್ ಎಂದೆನಲ್ಲ, ಅದು ಬಹಳ ಮುಖ್ಯ. ನಿಮ್ಮ ಬೇಸಿಗೆ ರಜೆ ಸುಮಾರು ಮೇ ಮಧ್ಯದಿಂದ ಜೂನ್ ಕೊನೆಯವರೆಗೆ. ಅಲ್ಲಿನ ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರಕ್ಕೆ ರಜೆ ಬಂದು ಮೇ ಕೊನೆಗೆ ಮುಗಿದೇ ಹೋಗುತ್ತದೆ. ನೀವು ಜೂನಿನಲ್ಲಿ ಹೋದರೆ ಓರಗೆಯವರೆಲ್ಲ ಶಾಲೆಯಲ್ಲಿ, ನೀವು ಮನೆಯಲ್ಲಿ ಒಬ್ಬರೇ, ಹೊರಗೆ ಜಡಿಮಳೆ. ‘ಊರು ಬೋರು’ ಎಂಬ ನಿಮ್ಮ ದೂರಿಗೆ ಅರ್ಧ ಕಾರಣ ಇದೇ! ಮೇ ತಿಂಗಳ ಎರಡನೇ ಅರ್ಧವನ್ನು ಬಿಡಬೇಡಿ. ಮಾವು, ಹಲಸು, ಮದುವೆ, ಮಕ್ಕಳು ಎಲ್ಲ ಒಟ್ಟಿಗೆ ಸಿಗುವ ಎರಡೇ ವಾರಗಳವು.

ಆದರೆ ಜೋಗ ನೋಡಬೇಕೆಂದರೆ ಮೇ ಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಬೇಸಿಗೆಯಲ್ಲಿ 830 ಅಡಿಯ ಬಂಡೆಯೇ ಹೆಚ್ಚು, ನೀರು ನೂಲಿನಷ್ಟು. ಮಳೆ ಬಲಿತ ಜುಲೈ ನಂತರ ಹೋಗಿ. ಕಾಲಿಗೆ ಉಂಬಳ ಹತ್ತುತ್ತದೆ, ಅಂದರೆ ಜಿಗಣೆ. ಕಿತ್ತೆಳೆಯಬೇಡಿ, ಉಪ್ಪು ಹಾಕಿ, ತಾನೇ ಬೀಳುತ್ತದೆ. ಕಿರುಚಿದರೆ ಮಾತ್ರ ಊರೆಲ್ಲ ಒಂದು ವರ್ಷ ನೆನಪಿಟ್ಟುಕೊಳ್ಳುತ್ತದೆ!

ನೀನೋ, ನೀವೋ?

ಹಿಂದಿಯ ‘ತುಮ್’ ಮತ್ತು ‘ಆಪ್’ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡದ ಲೆಕ್ಕ ಅದಕ್ಕಿಂತ ಸುಲಭ. ಅಮ್ಮನಿಗೆ, ತಮ್ಮ-ತಂಗಿಯರಿಗೆ, ಗೆಳೆಯರಿಗೆ, ದೇವರಿಗೆ ‘ನೀನು’. ಉಳಿದವರಿಗೆಲ್ಲ ‘ನೀವು’ ಎಂದುಬಿಡಿ. ‘ನೀನು’ ಎನ್ನಬೇಕಾದವರಿಗೆ ‘ನೀವು’ ಎಂದರೆ ಅವರು ನಕ್ಕು ತಿದ್ದುತ್ತಾರೆ. ತಿರುವುಮುರುವಾದರೆ ಜಗಲಿ ನಿಶ್ಶಬ್ದವಾಗುತ್ತದೆ. ಬಾ, ಕೂತ್ಕೋ, ತಿನ್ನು ಎಂಬ ಅಮ್ಮನ ಕನ್ನಡಕ್ಕೆ ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ ಎಂದು ಬಾಲ ಕಟ್ಟಿ ಅಭ್ಯಾಸ ಮಾಡಿ. ಹಿರಿಯರು ‘ತಿನ್ನುವುದಿಲ್ಲ’, ‘ಊಟ ಮಾಡುತ್ತಾರೆ’. ನನ್ನ ಧಾರವಾಡದಲ್ಲಾದರೆ ಎಲ್ಲದಕ್ಕೂ ಒಂದು ‘ರೀ’ ಸೇರಿಸಿ: ಬರ್ರಿ, ಕೂಡ್ರಿ, ಹೌದ್ರಿ. ಅಷ್ಟು ಬಂದರೆ ಅರ್ಧ ಧಾರವಾಡ ಬಂದಂತೆ.

ಆಟೋದವರನ್ನು, ಅಂಗಡಿಯವರನ್ನು ‘ಭಯ್ಯಾ’ ಎನ್ನಬೇಡಿ. ದೆಹಲಿಯಲ್ಲಿ ಅದು ಸಲಿಗೆ. ಅಲ್ಲಿ ನೀವು ಹೊರಗಿನವರೆಂದು ನೀವೇ ಬರೆದುಕೊಟ್ಟ ಚೀಟಿ. ‘ಅಣ್ಣ’ ಎನ್ನಿ, ‘ಅಕ್ಕ’ ಎನ್ನಿ, ‘ಯಜಮಾನ್ರೇ’ ಎನ್ನಿ. ಮಾತು ತಡವರಿಸಿದರೆ ತಟ್ಟನೆ ಹಿಂದಿಗೆ ಹಾರಬೇಡಿ. ‘ಸ್ವಲ್ಪ ನಿಧಾನವಾಗಿ ಹೇಳಿ, ನಾನು ದೆಹಲಿಯಲ್ಲಿ ಬೆಳೆದದ್ದು’ ಎಂಬ ಒಂದು ವಾಕ್ಯ ಬಾಯಿಪಾಠವಿರಲಿ. ಇದನ್ನು ಕೇಳಿದ ಕನ್ನಡಿಗ ಕರಗದಿದ್ದರೆ ನನಗೆ ಬರೆಯಿರಿ.

ಇನ್ನು, ಕರ್ನಾಟಕವೆಲ್ಲ ಒಂದೇ ಎಂದುಕೊಳ್ಳಬೇಡಿ. ಮೈಸೂರು ಸಂಸ್ಥಾನ, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಹೀಗೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡದ ನಾಡು 1956ರ ನವೆಂಬರ್ 1ರಂದು ಒಂದಾಯಿತು. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ. ಮಂಗಳೂರಿನ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ ಕೇಳಿ ‘ಇದೇನು, ಬೇರೆ ರಾಜ್ಯಕ್ಕೆ ಬಂದೆನೇ?’ ಎಂದು ಗಾಬರಿಯಾಗಬೇಡಿ. ದೆಹಲಿಯಲ್ಲಿ ನಮ್ಮನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ‘ಮದ್ರಾಸಿ’ ಎಂದಾಗ ನಿಮಗೆ ಹೇಗಾಗುತ್ತದೆ? ಅಲ್ಲಿ ಹೋಗಿ ಅದೇ ತಪ್ಪನ್ನು ನೀವು ಮಾಡಬೇಡಿ.

ನಾನೇ ಈ ಪಾಠ ಕಲಿತದ್ದು ಹೇಗೆ ಗೊತ್ತೇ? ಮದುವೆಯಾಗಿ ಸಾಗರದ ಮನೆಗೆ ಕಾಲಿಟ್ಟ ದಿನ, ಕಾಲಿಗೆ ನೀರು ಕೊಟ್ಟು ಅತ್ತೆ ಕೇಳಿದರು: ‘ಆಸರಿಗೆ ಬೇಕಾ?’ ಧಾರವಾಡದ ನನಗೆ ಅದು ‘ಆಸರೆ’ ಎಂದು ಕೇಳಿಸಿತು. ಎಂಥ ದೊಡ್ಡ ಮನಸ್ಸಿನ ಅತ್ತೆ ಎಂದು ಕಣ್ಣು ತುಂಬಿ, ‘ಇನ್ನ ನಿಮ್ಮದ ಆಸರೆರೀ ನನಗ’ ಎಂದೆ. ಅವರು ಕಕ್ಕಾಬಿಕ್ಕಿ! ಆ ಕಡೆ ಆಸರಿಗೆ ಎಂದರೆ ಬಾಯಾರಿಕೆಗೆ ಕುಡಿಯುವ ಪಾನಕವೋ ಮಜ್ಜಿಗೆಯೋ ಏನೋ ಒಂದು. ಕನ್ನಡದಲ್ಲೇ ಹುಟ್ಟಿ ಬೆಳೆದ ನಾನೂ ಅಲ್ಲಿ ಪ್ರವಾಸಿಯೇ ಆಗಿದ್ದೆ.

ಕೇಳುವುದೊಂದು, ಅರ್ಥವೊಂದು

‘ಊಟ ಆಯ್ತಾ?’ ಎಂದು ದಾರಿಯಲ್ಲಿ ಕಂಡವರೆಲ್ಲ ಕೇಳುತ್ತಾರೆ. ಅದು ನಮಸ್ಕಾರ, ಆಹ್ವಾನವಲ್ಲ. ‘ಆಯ್ತು, ನಿಮ್ಮದು?’ ಎನ್ನಿ. ‘ಇಲ್ಲ’ ಎಂದರೆ ಪಾಪ, ಅವರು ನಿಮ್ಮನ್ನು ಮನೆಗೆ ಕರೆದೊಯ್ದು ಒಲೆ ಹಚ್ಚಬೇಕಾಗುತ್ತದೆ.

ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು. ‘ಬರ್ತೀನಿ’ ಅಥವಾ ‘ಹೋಗಿ ಬರ್ತೀನಿ’. ಬರಿಯ ‘ಹೋಗ್ತೀನಿ’ ಎಂಬುದು ತಿರುಗಿ ಬಾರದವರ ಮಾತು. ವಯಸ್ಸಾದವರ ಮನೆಯಲ್ಲಂತೂ ಈ ತಪ್ಪು ಮಾಡಬೇಡಿ, ಅವರಿಗೆ ನೋವಾಗುತ್ತದೆ. ಹಾಗೆಯೇ, ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಕೇಳುವುದು ಅಪಶಕುನವೆಂದು ಹಳಬರ ನಂಬಿಕೆ. ‘ದೂರ ಹೊರಟಿರಾ?’ ಎಂದು ಸುತ್ತಿ ಬಳಸಿ ಕೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕೇಳುವ ರೀತಿ ಮಾತ್ರ ಅವರದಿರಲಿ.

‘ಯಾರ ಮಗ? ಯಾವ ಮನೆ?’ ಇದು ಅಲ್ಲಿನ ಪಾಸ್‌ಪೋರ್ಟ್ ತಪಾಸಣೆ. ಹೊರಡುವ ಮೊದಲು ಅಜ್ಜ-ಅಜ್ಜಿ, ಮುತ್ತಜ್ಜನ ಹೆಸರು, ಮನೆತನದ ಹೆಸರು, ಅಜ್ಜಿಯ ತವರೂರು ಇಷ್ಟನ್ನು ಬರೆದುಕೊಳ್ಳಿ. ನಿಮ್ಮ ಕೆಲಸ, ಪದವಿ ಕೇಳಿ ತಲೆಯಾಡಿಸುವವರು, ಅಜ್ಜನ ಹೆಸರು ಕೇಳಿದ ಕೂಡಲೇ ಎದ್ದು ಕುರ್ಚಿ ಕೊಡುತ್ತಾರೆ. ಆಮೇಲೆ ‘ಸಂಬಳ ಎಷ್ಟು? ಮದುವೆ ಯಾವಾಗ?’ ಎಂಬ ಪ್ರಶ್ನೆಗಳೂ ಬರುತ್ತವೆ. ಸಿಟ್ಟಾಗಬೇಡಿ. ‘ಊಟಕ್ಕೆ ಸಾಕಾಗುವಷ್ಟು ಬರುತ್ತೆ’, ‘ನೀವೇ ಹುಡುಕಿ’ ಎಂದು ನಕ್ಕರೆ ವಿಚಾರಣೆ ಮುಗಿಯಿತು. ಅಂದ ಹಾಗೆ, ಸಾಗರದ ಕಡೆ ಹುಡುಗನಿಗೆ ‘ಮಾಣಿ’ ಎನ್ನುತ್ತಾರೆ. ಹೋಟೆಲಿನ ಮಾಣಿ ಎಂದುಕೊಂಡು ನನ್ನ ಮಗ ಚಿಕ್ಕಂದಿನಲ್ಲಿ ಮುನಿಸಿಕೊಂಡಿದ್ದ!

ಎಲೆಯ ಮುಂದೆ

ಬಾಳೆ ಎಲೆಯ ಕಿರಿದಾದ ತುದಿ ನಿಮ್ಮ ಎಡಕ್ಕೆ. ಎಲೆಗೆ ನೀರು ಚಿಮುಕಿಸಿ ಒರೆಸಿ. ಉಪ್ಪು, ಕೋಸಂಬರಿ, ಪಲ್ಯ, ಗೊಜ್ಜು ಬಡಿಸುತ್ತ ಬಂದರೂ ಕೈ ಮಡಿಯಲ್ಲೇ ಇರಲಿ. ಅನ್ನ, ತೊವ್ವೆ, ತುಪ್ಪ ಎಲ್ಲರ ಎಲೆಗೂ ಬಿದ್ದು ಹಿರಿಯರು ಶುರು ಮಾಡಿದ ಮೇಲೆಯೇ ನೀವು. ಮೊದಲ ಸುತ್ತಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಸಾರು, ಹುಳಿ, ಭಕ್ಷ್ಯ, ಪಾಯಸ, ಮಜ್ಜಿಗೆ ಇನ್ನೂ ದಾರಿಯಲ್ಲಿವೆ. ಮಲೆನಾಡಾದರೆ ತಂಬುಳಿ, ಅಪ್ಪೆಹುಳಿ ಕೂಡ. ಬೇಡವೆಂದರೆ ಬಡಿಸುವವರು ಬಿಡುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿ ‘ಸಾಕು, ಸಾಕು’ ಎನ್ನಬೇಕು. ಅದೂ ಒಂದು ಕಲೆ. ಊಟವಾದ ಮೇಲೆ ಎಲೆ ಮಡಿಸುವ ಮನೆಗಳಿವೆ, ಮಡಿಸಬಾರದೆನ್ನುವ ಮನೆಗಳೂ ಇವೆ. ಸಂಶಯ ಬಂದರೆ ಪಕ್ಕದ ಅಜ್ಜನನ್ನು ನೋಡಿ ಅವರಂತೆ ಮಾಡಿ. ಎಡಗೈಯಲ್ಲಿ ಕೊಡುವುದು, ತೆಗೆದುಕೊಳ್ಳುವುದು ಎಲ್ಲಿಯೂ ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ಹಿರಿಯರು ಏಳುವವರೆಗೆ ಏಳಬೇಡಿ. ಏಳು ಎಂದು ಹೇಳಲೂ ಬೇಡಿ!

ಗುಡಿ, ಕೋಲ, ಬಸ್ಸು

ಧರ್ಮಸ್ಥಳದಲ್ಲಿ, ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಸಂಕೋಚವಿದ್ದವರು ಒಂದು ಶಲ್ಯ ಚೀಲದಲ್ಲಿಟ್ಟುಕೊಳ್ಳಿ. ಒಂದು ಪಂಚೆಯೂ ಇದ್ದರೆ ಒಳ್ಳೆಯದು. ಚಡ್ಡಿ ಹಾಕಿಕೊಂಡು ಹೋಗಿ ಬಾಗಿಲಲ್ಲಿ ವಾದ ಹೂಡುವುದು ಬೇಡ. ಉಡುಪಿಯಲ್ಲಿ ಕೃಷ್ಣನ ದರ್ಶನ ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ; ನೂಕುನುಗ್ಗಲಿನಲ್ಲಿ ಎಲ್ಲಿ ನೋಡಬೇಕೆಂದು ತಿಳಿಯದೆ ಕಂಬ ನೋಡಿ ಬಂದವರಿದ್ದಾರೆ. ಮೊದಲೇ ಕೇಳಿಕೊಂಡು ಹೋಗಿ.

ಹಂಪಿ 1986ರಲ್ಲೂ ಪಟ್ಟದಕಲ್ಲು 1987ರಲ್ಲೂ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಸೇರಿದವು. ಇವುಗಳಲ್ಲಿ ಎರಡು ಬಗೆಯಿವೆ. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ, ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅಲ್ಲಿ ಭಕ್ತರಂತೆ ನಡೆದುಕೊಳ್ಳಿ. ವಿಜಯವಿಠ್ಠಲ ದೇವಾಲಯದಲ್ಲಿ ಪೂಜೆಯಿಲ್ಲ, ಆದರೆ ಅಲ್ಲಿನ ಸಂಗೀತದ ಕಂಬಗಳನ್ನು ತಟ್ಟಿ ನೋಡುವಂತಿಲ್ಲ. ನಿಮ್ಮಪ್ಪ ತಟ್ಟಿದ್ದ ಕಥೆ ಹೇಳಬಹುದು. ಕಥೆ ಕೇಳಿ, ಕೈ ಕಟ್ಟಿಕೊಳ್ಳಿ.

2022ರಲ್ಲಿ ‘ಕಾಂತಾರ’ ಬಂದ ಮೇಲೆ ನಿಮಗೆಲ್ಲ ಭೂತಕೋಲ ನೋಡುವ ಆಸೆ. ನೋಡಿ, ತಪ್ಪೇನಿಲ್ಲ. ಆದರೆ ಅದು ಪ್ರದರ್ಶನವಲ್ಲ, ಒಂದು ಮನೆಯ, ಒಂದು ಊರಿನ ಸೇವೆ. ಚಪ್ಪಲಿ ಹೊರಗಿಡಿ, ಹಿಂದೆ ನಿಲ್ಲಿ, ಮನೆಯವರನ್ನು ಕೇಳದೆ ಫೋನ್ ಎತ್ತಬೇಡಿ. ಸಿನಿಮಾದಲ್ಲಿ ಕೇಳಿದ ಕೂಗನ್ನು ಅಣಕು ಮಾಡಲೇಬೇಡಿ. ನಂಬಿದವರಿಗೆ ಅದು ದೈವದ ದನಿ.

ಬಸ್ಸಿನ ವಿಷಯ. ಹಳ್ಳಿಯ ಬಸ್ಸುಗಳ ಬೋರ್ಡು ಕನ್ನಡದಲ್ಲಿರುತ್ತದೆ. ನಿಮ್ಮೂರಿನ ಹೆಸರನ್ನಾದರೂ ಓದಲು, ೧ರಿಂದ ೧೦ರವರೆಗೆ ಗುರುತಿಸಲು ಕಲಿಯಿರಿ. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರು ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಾರೆ. ಇಳಿಯುವ ಮೊದಲು ಕೇಳಿ ಪಡೆಯುವುದು ನಿಮ್ಮ ಜವಾಬ್ದಾರಿ. ಹುಡುಗಿಯರಿಗೊಂದು ಎಚ್ಚರಿಕೆ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರುವ ಹೆಂಗಸರಿಗೆ. ನನ್ನ ಆಧಾರಿನಲ್ಲಿ ದ್ವಾರಕಾದ ವಿಳಾಸ. ಬಸ್ಸಿನ ತುಂಬ ಹೆಂಗಸರು ಕಾಸಿಲ್ಲದೆ ಕೂತಿದ್ದಾಗ, ಧಾರವಾಡದಲ್ಲಿ ಹುಟ್ಟಿ ಬೆಳೆದ ನಾನೊಬ್ಬಳು ಧಾರವಾಡಕ್ಕೆ ಟಿಕೆಟ್ ತೆಗೆದೆ. ನ್ಯಾಯವೇ ಅನ್ನಿ; ತೆರಿಗೆ ಕಟ್ಟುವುದು ಇಲ್ಲಿ. ಆದರೂ ಆ ಟಿಕೆಟನ್ನು ಎಸೆಯಲು ಮನಸ್ಸು ಬರಲಿಲ್ಲ. ಪರ್ಸಿನಲ್ಲಿ ಇನ್ನೂ ಇದೆ.

ಮತ್ತೆ ಅದೇ ಜಗಲಿ

ಕಳೆದ ವರ್ಷ ಮೇ ತಿಂಗಳಲ್ಲಿ ಈ ಪಟ್ಟಿ ಹಿಡಿದು ಹೊರಟೆವು. ಬೆಂಗಳೂರಿನಿಂದ ತಾಳಗುಪ್ಪದ ರೈಲು ಹತ್ತಿ ಸಾಗರದಲ್ಲಿ ಇಳಿದೆವು. ನಾನು ಒಂದು ಪಣ ತೊಟ್ಟಿದ್ದೆ: ಯಾರು ಏನು ಕೇಳಿದರೂ ಮಗನ ಪರವಾಗಿ ಬಾಯಿ ತೆರೆಯುವುದಿಲ್ಲ. ನಂಬಿ, ನನ್ನ ಜೀವನದಲ್ಲಿ ಅಷ್ಟು ಕಷ್ಟದ ವ್ರತ ಬೇರೆ ಮಾಡಿಲ್ಲ. ಅವನು ತಡವರಿಸಿದ. ಲಿಂಗ, ವಚನ ಎಲ್ಲ ಅದಲುಬದಲಾದವು. ‘ನಿಧಾನವಾಗಿ ಹೇಳಿ’ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿದ. ಜನ ಆಗಲೂ ನಕ್ಕರು. ಈ ಸಲ ಅವನೂ ಜತೆಗೆ ನಕ್ಕ. ವ್ಯತ್ಯಾಸ ಅಷ್ಟೇ.

ಒಂದು ಮಧ್ಯಾಹ್ನ ಅದೇ ಜಗಲಿಯಲ್ಲಿ ಊಟ. ನಲವತ್ತು ಎಲೆಯಿಲ್ಲ, ಆರೇ ಎಲೆ. ಓರಗೆಯವರೆಲ್ಲ ಬೆಂಗಳೂರು ಸೇರಿದ್ದಾರೆ. ದೊಡ್ಡಪ್ಪನವರಿಗೀಗ ಎಂಬತ್ತು ದಾಟಿದೆ, ಕೈ ನಡುಗುತ್ತದೆ. ಉಳಿದವರ ಊಟ ಮುಗಿದರೂ ಅವರಿನ್ನೂ ಮಜ್ಜಿಗೆ ಅನ್ನದಲ್ಲಿದ್ದರು. ಎಲ್ಲರೂ ಕಾಯುತ್ತಿದ್ದಾರೆಂದು ಅವಸರ ಮಾಡತೊಡಗಿದರು. ಆಗ ನನ್ನ ಮಗ ಹೇಳಿದ: ‘ದೊಡ್ಡಪ್ಪ, ನೀವು ನಿಧಾನವಾಗಿ ಊಟ ಮಾಡಿ.’

ಅವರು ತಲೆಯೆತ್ತಿ ನೋಡಿದರು. ‘ಅವತ್ತು ಬೇಗ ತಿನ್ನು ಅಂದಿದ್ದೆ, ಇವತ್ತು ನಿಧಾನ ಮಾಡಿ ಅಂತಿದ್ದೀಯ. ದೊಡ್ಡವನಾದೆಯೋ ಮಾಣಿ!’ ಎಂದರು. ಹದಿನೇಳು ವರ್ಷದ ಹಿಂದಿನ ಮಾತು ಅವರಿಗೆ ನೆನಪಿತ್ತು. ಮುನಿಸಿನಿಂದ ಅಲ್ಲ, ಕಳೆದುಹೋದ ಕೂಸಿನ ತೊದಲು ನೆನಪಿಟ್ಟುಕೊಂಡ ಹಾಗೆ. ಸಂಜೆ ಮಗ ಒಬ್ಬನೇ ಅಜ್ಜಿಯ ಕೋಣೆಗೆ ಹೋಗಿ ಬಹಳ ಹೊತ್ತು ಕೂತಿದ್ದ. ನಾನು ಏನೂ ಕೇಳಲಿಲ್ಲ. ಆ ಒಂದು ಬಾಗಿಲಿಗೆ ನಮ್ಮ ಪಟ್ಟಿ ತಡವಾಗಿತ್ತು.

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಹಂಪಿಯ ಕಲ್ಲುಗಳು ಇನ್ನೂ ಐನೂರು ವರ್ಷ ನಿಮಗಾಗಿ ಕಾಯುತ್ತವೆ. ಅಜ್ಜಿ ಕಾಯಲಾರಳು. ಮೊದಲು ಅಜ್ಜಿಮನೆ, ಆಮೇಲೆ ಹಂಪಿ.

ಹೊರಗಿನವರು ಎಂಬ ಅಳುಕು ಬಂದರೆ ನಮ್ಮ ಧಾರವಾಡದ ಪೇಡೆಯನ್ನು ನೆನೆಯಿರಿ. ಅದನ್ನು ಮಾಡಲು ಹತ್ತೊಂಬತ್ತನೆಯ ಶತಮಾನದಲ್ಲಿ ಶುರು ಮಾಡಿದವರು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರರ ಮನೆತನ. ಉತ್ತರದಿಂದ ಬಂದ ಆ ಸಿಹಿಯನ್ನು ಇಂದು ಧಾರವಾಡದ್ದಲ್ಲ ಎನ್ನಲು ಯಾರಿಗೆ ಧೈರ್ಯವಿದೆ? ನೀವಂತೂ ಅಲ್ಲಿನ ಹಾಲಿನಿಂದಲೇ ಆದವರು, ಕಾಯಿಸಿದ್ದು ಮಾತ್ರ ದೆಹಲಿಯಲ್ಲಿ.

ಊರಿಗೆ ಹೋಗಿ ಬಂದವರು ನಿಮ್ಮ ಪಟ್ಟಿಯನ್ನೂ ನನಗೆ ಬರೆದು ಕಳಿಸಿ. ತಪ್ಪು ಕನ್ನಡದಲ್ಲಿದ್ದರೂ ಸರಿ. ತಿದ್ದದೆ ಹಾಗೆಯೇ ಮುಂದಿನ ಸಂಚಿಕೆಯಲ್ಲಿ ಸೇರಿಸುತ್ತೇನೆ. ಸದ್ಯಕ್ಕೆ, ಬರ್ತೀನಿ.